ಲಕ್ಕಮ್ಮ ಕೇಳಿದ ಲೆಕ್ಕ



ಭ್ರಷ್ಟಾಚಾರದ ಮಾತು ಬಂದರೆ ನಮ್ಮಲ್ಲಿ ಎರಡು ಉತ್ತರಗಳು ಸಿದ್ಧವಾಗಿಯೇ ಇರುತ್ತವೆ. ಬಡ ದೇಶ, ಸಂಬಳ ಸಾಲದು, ಅದಕ್ಕೇ ಕೈಯೊಡ್ಡುತ್ತಾರೆ ಎನ್ನುವುದು ಒಂದು. ದೇವರ ಭಯ ಹೋಯಿತು ಎನ್ನುವುದು ಇನ್ನೊಂದು. ಎರಡರಲ್ಲೂ ನನಗೆ ನಂಬಿಕೆಯಿಲ್ಲ. ದೂರ ಹೋಗುವುದು ಬೇಡ, ಬಳ್ಳಾರಿಯನ್ನೇ ನೋಡೋಣ.

ಈ ಶತಮಾನದ ಮೊದಲ ದಶಕದಲ್ಲಿ ಚೀನಾದ ಉಕ್ಕಿನ ಕಾರ್ಖಾನೆಗಳಿಗೆ ಎಷ್ಟು ಕಬ್ಬಿಣದ ಅದಿರು ಸುರಿದರೂ ಸಾಲದಾಯಿತು. ಸಂಡೂರು, ಹೊಸಪೇಟೆಯ ಅದಿರು ಟನ್ನಿಗೆ ಸಾವಿರಾರು ರೂಪಾಯಿಗೆ ಹಡಗು ಹತ್ತುತ್ತಿದ್ದಾಗ ಸರ್ಕಾರಕ್ಕೆ ಸಲ್ಲುತ್ತಿದ್ದ ರಾಜಧನ 30 ರೂಪಾಯಿಯನ್ನೂ ಮುಟ್ಟುತ್ತಿರಲಿಲ್ಲ. ಬೆಲೆಯ ಶೇ 10ರಷ್ಟು ಎಂದು ಅದು ನಿಗದಿಯಾದದ್ದು 2009ರ ಆಗಸ್ಟ್‌ನಲ್ಲಿ. ಅಷ್ಟು ದೊಡ್ಡ ಲಾಭಕ್ಕೂ ಕಾನೂನಿಗೂ ನಡುವೆ ಇದ್ದದ್ದು ಒಂದು ಪರ್ಮಿಟ್, ಒಬ್ಬ ಅಧಿಕಾರಿಯ ಸಹಿ. ಪರ್ಮಿಟ್ ಇಲ್ಲದ ಲಾರಿಯನ್ನು ದಾರಿಯಲ್ಲಿ ಯಾರೂ ತಡೆಯದಂತೆ ಮೊದಲೇ ಹಣ ಕಟ್ಟುವ ಏರ್ಪಾಟಿತ್ತು; ಅದನ್ನು ‘ಜೀರೋ ರಿಸ್ಕ್’ ಎನ್ನುತ್ತಿದ್ದರು. ಬೇಲೆಕೇರಿ ಬಂದರಿನಲ್ಲಿ ಅರಣ್ಯ ಇಲಾಖೆ ಮುಟ್ಟುಗೋಲು ಹಾಕಿಕೊಂಡಿದ್ದ ಅದಿರಿನ ರಾಶಿಯೇ ಲಕ್ಷಾಂತರ ಟನ್ ಕರಗಿಹೋಯಿತು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರು ಕೊಟ್ಟ ವರದಿ ಅಕ್ರಮ ಗಣಿಗಾರಿಕೆಯ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಅಂದಾಜಿಸಿತು. ಇದರಲ್ಲಿ ಬಡತನ ಎಲ್ಲಿದೆ?

ಇನ್ನು ದೇವರ ಭಯ. ಗಣಿಗಾರಿಕೆ ಉಬ್ಬರದಲ್ಲಿದ್ದ ಅದೇ 2009ರಲ್ಲಿ ಬಳ್ಳಾರಿಯಿಂದ ತಿರುಪತಿ ತಿಮ್ಮಪ್ಪನಿಗೆ ಕೋಟಿಗಟ್ಟಲೆ ಬೆಲೆಯ ವಜ್ರದ ಕಿರೀಟ ಹೋಯಿತು. ಭಕ್ತಿಗೇನೂ ಕೊರತೆ ಇರಲಿಲ್ಲ! ಮಠವಿರಲಿ, ದೇವಸ್ಥಾನವಿರಲಿ, ದರ್ಗಾ, ಚರ್ಚುಗಳಿರಲಿ, ದಾನಿಯ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುತ್ತೇವೆ; ಹಣ ಎಲ್ಲಿಂದ ಬಂತೆಂದು ಕೇಳುವುದಿಲ್ಲ.

ಕೇಳಿದವಳೊಬ್ಬಳಿದ್ದಳು. 12ನೇ ಶತಮಾನದ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಶರಣ ಮಾರಯ್ಯನ ಕಾಯಕ. ಒಂದು ದಿನ ಆತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಅದನ್ನು ಒಲೆಗೆ ಏರಿಸಲಿಲ್ಲ, ಇದ್ದಲ್ಲಿಗೇ ಸುರಿದು ಬಾ ಎಂದು ಕಳಿಸಿದಳು. ಆ ಅಕ್ಕಿ ಬೇಯಬೇಕಾಗಿದ್ದದ್ದು ದಾಸೋಹಕ್ಕೆ ಎಂಬುದನ್ನು ನಾವು ಮರೆಯುತ್ತೇವೆ. ಪುಣ್ಯದ ನೆಪವನ್ನೂ ಆಕೆ ಒಪ್ಪಲಿಲ್ಲ. ಶರಣರ ಜಯಂತಿಗಳನ್ನು ಅದ್ದೂರಿಯಾಗಿ ಮಾಡುವ ನಾವು ಆ ಜಯಂತಿಗೆ ಬಂದ ದೇಣಿಗೆಯ ಬಗ್ಗೆ ಆಕೆಯ ಪ್ರಶ್ನೆಯನ್ನು ಕೇಳಿದ್ದೇವೆಯೇ?

ಹಾಗೆಂದು ಎಲ್ಲವನ್ನೂ ಮನಸ್ಸಾಕ್ಷಿಗೆ ಬಿಡುವವನಲ್ಲ ನಾನು. ಪಹಣಿಗಾಗಿ ಗ್ರಾಮ ಲೆಕ್ಕಿಗರ ಹಿಂದೆ ಅಲೆಯುತ್ತಿದ್ದ ರೈತನಿಗೆ, ಭೂದಾಖಲೆಗಳನ್ನು ಗಣಕೀಕರಿಸಿದ ‘ಭೂಮಿ’ ಯೋಜನೆ ಬಂದ ಮೇಲೆ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಅದು ಸಿಕ್ಕಿತು. ಇದು ಯಾರ ಪ್ರವಚನದಿಂದಲೂ ಆದದ್ದಲ್ಲ. ಕೊಡುವುದೂ ಬಿಡುವುದೂ ಒಬ್ಬನ ಮರ್ಜಿಯಾಗಿ ಉಳಿಯಲಿಲ್ಲ, ಅಷ್ಟೇ. ಆದರೆ ಜಮೀನು ಅಳೆದು ಭಾಗ ಮಾಡುವ ಪೋಡಿಗೆ ಬನ್ನಿ: ಸರ್ವೆಯರ್ ಯಾವತ್ತು ಬರಬೇಕು, ಸರಪಳಿ ಎಲ್ಲಿಂದ ಹಿಡಿಯಬೇಕು ಎಂಬುದು ಆತನ ಕೈಯಲ್ಲೇ ಉಳಿಯಿತು. ‘ಖರ್ಚಿಗೆ ಸ್ವಲ್ಪ ನೋಡ್ಕೊಳ್ಳಿ’ ಎಂಬ ಮಾತೂ ಅಲ್ಲೇ ಉಳಿಯಿತು.

ಮರ್ಜಿಯ ಜೊತೆಗೆ ನಂಬಿಕೆಯ ಮಾತೂ ಇದೆ. ಎಲ್ಲರೂ ಲಂಚ ತಿನ್ನುತ್ತಾರೆ ಎಂಬ ನಂಬಿಕೆಯೇ ತಿನ್ನುವವನಿಗೆ ಧೈರ್ಯ ಕೊಡುತ್ತದೆ ಎಂದು ಅರ್ಥಶಾಸ್ತ್ರಜ್ಞ ಗುನ್ನಾರ್ ಮಿರ್ದಾಲ್ 1968ರಲ್ಲೇ ‘ಏಷ್ಯನ್ ಡ್ರಾಮಾ’ ಪುಸ್ತಕದಲ್ಲಿ ಎಚ್ಚರಿಸಿದ್ದರು. ಮದುವೆಗೆ ಗಂಡು ನೋಡುವಾಗ ‘ಮೇಲು ಸಂಪಾದನೆ ಹೇಗಿದೆ’ ಎಂದು ನಗುತ್ತಲೇ ವಿಚಾರಿಸುವ ಊರಿನಲ್ಲಿ ಅದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಈ ಸಮ್ಮೇಳನದ ಕೊನೆಗೆ ನಿರ್ಣಯಗಳು ಬರುತ್ತವೆ. ಲಕ್ಕಮ್ಮನ ಪ್ರಶ್ನೆಯನ್ನೇ ಹಿಡಿದು ಒಂದನ್ನು ನಾನೇ ಮುಂದಿಡುತ್ತೇನೆ: ಎಲ್ಲ ಧರ್ಮಗಳ ಸಂಸ್ಥೆಗಳೂ ದೊಡ್ಡ ದೇಣಿಗೆ ಕೊಟ್ಟವರ ಹೆಸರು, ಮೊತ್ತ, ಹಣದ ಮೂಲವನ್ನು ವರ್ಷಕ್ಕೊಮ್ಮೆ ತಮ್ಮ ಬಾಗಿಲಲ್ಲಿ ಬರೆದು ಹಾಕಬೇಕು. ಈ ಸಮ್ಮೇಳನಕ್ಕೆ ಬಂದ ದೇಣಿಗೆಯ ಪಟ್ಟಿಯನ್ನು ಇಂದು ಸಂಜೆಯೊಳಗೆ ಸಭಾಂಗಣದ ಬಾಗಿಲಲ್ಲಿ ಅಂಟಿಸಿ, ಸ್ವಾಗತ ಸಮಿತಿಯವರೇ ಇದಕ್ಕೆ ಚಾಲನೆ ಕೊಡಬೇಕೆಂದು ಕೋರುತ್ತೇನೆ.