ಚಿನ್ನ ಮೊದಲು ಅಗೆದವರು



ಕೋಲಾರದ ಚಿನ್ನದ ಗಣಿ ಕಂಡುಹಿಡಿದವರು ಯಾರು ಅಂದರೆ ನಾವೆಲ್ಲ ಲಾವೆಲ್ ಅಂತೀವಿ. ನ್ಯೂಜಿಲೆಂಡಿನಲ್ಲಿ ಮಾವೋರಿಗಳ ವಿರುದ್ಧ ಕಾದಾಡಿ ಬಂದ ಐರಿಷ್ ಸಿಪಾಯಿ. 1873ರಲ್ಲಿ ಗಣಿಯ ಪರವಾನಗಿಗೆ ಅರ್ಜಿ ಹಾಕಿದ. ಬೆಂಗಳೂರಲ್ಲಿ ಅವನ ಹೆಸರಲ್ಲಿ ರಸ್ತೆ ಇದೆ, ಶ್ರೀಮಂತರ ರಸ್ತೆ. ಸರಿ, ಅವನಿಗೆ ಸುಳಿವು ಕೊಟ್ಟದ್ದು ಯಾರು? ವಾರೆನ್ ಎಂಬ ಸೈನ್ಯಾಧಿಕಾರಿಯ ಹಳೇ ವರದಿ. ವಾರೆನ್‌ಗೆ ತೋರಿಸಿದವರು ಯಾರು? ಇಲ್ಲಿಗೆ ಬಂದಾಗ ಪಠ್ಯಪುಸ್ತಕ ಬಾಯಿ ಮುಚ್ಚಿಕೊಳ್ಳುತ್ತೆ.

1802ರಲ್ಲಿ ಈ ವಾರೆನ್ ಮೈಸೂರಿನ ಗಡಿ ಅಳೆಯೋಕೆ ಬಂದಿದ್ದ. ಚಿನ್ನ ತೋರಿಸಿದರೆ ಇನಾಮು ಅಂದ. ಉರಿಗಾಂ ಹಳ್ಳಿಯವರು ಗಾಡಿಯಲ್ಲಿ ಮಣ್ಣು ತಂದರು. ಅವನ ಕಣ್ಣೆದುರೇ ಹೆಂಗಸರು ತೊಳೆದು ಚಿನ್ನದ ಕಣ ತೆಗೆದು ತೋರಿಸಿದರು. ಮಾರಿಕುಪ್ಪಂನಲ್ಲಿ ಅವನು ಕಂಡದ್ದು ಅದಕ್ಕಿಂತ ದೊಡ್ಡದು. ಅಲ್ಲಿ ಆಗಲೇ ಗಣಿ ನಡೀತಿತ್ತು. 30, 45 ಅಡಿ ಆಳದ ಗುಂಡಿ, ಒಳಗೆ ಸುರಂಗ. ಗಂಡಸರು ಸಾಲಾಗಿ ನಿಂತು ಕಲ್ಲಿನ ಬುಟ್ಟಿ ಕೈಯಿಂದ ಕೈಗೆ ದಾಟಿಸೋರು. ಹೆಂಗಸರು ಆ ಕಲ್ಲನ್ನ ಬಂಡೆಯ ಮೇಲೆ ಕುಟ್ಟಿ ಪುಡಿ ಮಾಡಿ, ಬಾವಿಯ ಹತ್ತಿರ ಒಯ್ದು ತೊಳೆಯೋರು. ಅವರು ಯಾವ ಜಾತಿ ಅಂತ ವಾರೆನ್ ಬರೆದಿದ್ದಾನೆ: ಪರೆಯರು. ಅಳತೆ ಬರೆದ, ಜಾತಿ ಬರೆದ, ಹೆಸರು ಬರೀಲಿಲ್ಲ. ಅಂದರೆ ಲಾವೆಲ್ ಬರೋ 70 ವರ್ಷಕ್ಕೆ ಮೊದಲೇ ಈ ವಿದ್ಯೆ ನಮ್ಮ ಕೇರಿಯವರ ಕೈಯಲ್ಲಿತ್ತು. ಇದನ್ನ ಹೇಳಿದ್ದು ನಾವಲ್ಲ, ದೊರೆಯೇ.

1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ನಮ್ಮ ಜನ ಊರಿನ ಜೀತ ಬಿಟ್ಟು ಬಂದು ನೆಲದೊಳಕ್ಕೆ ಇಳಿದರು. ಕೊನೆಗೆ ಆ ಆಳ 3 ಕಿಲೋಮೀಟರು ದಾಟಿತು. ಬಂಡೆ ಸಿಡಿದು ಸತ್ತವರುಂಟು, ಕಲ್ಲಿನ ಧೂಳು ಎದೆಗೆ ಕೂತು ಕೆಮ್ಮಿ ಕೆಮ್ಮಿ ಸತ್ತವರುಂಟು. 1902ರಲ್ಲಿ ಶಿವನಸಮುದ್ರದ ಕರೆಂಟು ಗಣಿಯ ಯಂತ್ರಗಳಿಗೆ ಬಂತು. ಬೆಂಗಳೂರು ಪೇಟೆಗೆ ಬಂದದ್ದು 1905ರಲ್ಲಿ!

ಆದರೆ ನಮ್ಮವರು ಬರೀ ಸಾಯ್ಲಿಲ್ಲ ಕಣ್ರೋ. ಅಯೋತಿ ದಾಸರ ಬೌದ್ಧ ಸಂಘಕ್ಕೆ ಮಾರಿಕುಪ್ಪಂನಲ್ಲಿ ಶಾಖೆ ಕಟ್ಟಿದರು. 1914ರಲ್ಲಿ ಅವರು ತೀರಿಕೊಂಡ ಮೇಲೆ ಅವರ 'ತಮಿಳನ್' ಪತ್ರಿಕೆಯನ್ನ ಗಣಿಯೂರಿಂದಲೇ ಮತ್ತೆ ಹೊರಡಿಸಿದರು. 1930ರಲ್ಲಿ ಕಳ್ಳರಿಂದ ತಗೊಂಡ ಹಾಗೆ ಬೆರಳಚ್ಚು ಕೇಳಿದಾಗ ಸಾವಿರಾರು ಜನ ಕೆಲಸ ನಿಲ್ಲಿಸಿದರು.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಸಯನೈಡ್ ಮಣ್ಣಿನ ಗುಡ್ಡಗಳು ಉಳಿದಿವೆ.

ಲೈಬ್ರರಿಯಲ್ಲಿ ರೈಸ್ ಬರೆದ ಮೈಸೂರು ಗೆಜೆಟಿಯರ್ ಇದ್ದರೆ ತೆಗೆಸಿ ಓದೋಣ. ಗಣಿಯಲ್ಲಿ ದುಡಿದ ತಾತ, ಅಜ್ಜಿ ಇನ್ನೂ ಮನೇಲಿದ್ದರೆ, ಈ ರಜೆಗೆ ಹೋದಾಗ ಲೈನಿನ ಹೆಸರು, ಶಾಫ್ಟಿನ ಹೆಸರು, ಸತ್ತವರ ಹೆಸರು ಕೇಳಿ ಬರಕೊಂಡು ಬರೋಣ.