ಬುತ್ತಿಯ ಜೊತೆ ಅಂಬಲಿ, ಪಾನಕ

ಬೇಸಿಗೆ ರಜೆ ಬಂತೆಂದರೆ ಪ್ರವಾಸದ ಖರ್ಚಿನದೇ ಚಿಂತೆ. ರಾಮನಗರ ಸೀಮೆಯಲ್ಲಿ ಅಷ್ಟು ಹೆದರಬೇಕಿಲ್ಲ.

ಊಟದ ಖರ್ಚು ಉಳಿಸಲು, ಹೊರಡುವ ಹಿಂದಿನ ರಾತ್ರಿಯೇ ರಾಗಿ ಹಿಟ್ಟನ್ನು ಗಂಟಾಗದಂತೆ ನೀರಿನಲ್ಲಿ ಕದಡಿ, ಕುದಿಸಿ, ಆರಲು ಬಿಟ್ಟರಾಯಿತು. ಬೆಳಿಗ್ಗೆ ಮಜ್ಜಿಗೆ, ಉಪ್ಪು, ಸಣ್ಣಗೆ ಹೆಚ್ಚಿದ ಈರುಳ್ಳಿ, ಕೊತ್ತಂಬರಿ ಸೊಪ್ಪು ಬೆರೆಸಿದರೆ ಅಂಬಲಿ ಸಿದ್ಧ. ಹೊಟ್ಟೆಗೂ ಆಯಿತು, ದಾಹಕ್ಕೂ ಆಯಿತು. ಸಿಹಿ ಬೇಕೆನ್ನುವ ಮಕ್ಕಳಿಗೆ ಬೆಲ್ಲ, ನಿಂಬೆರಸ, ಏಲಕ್ಕಿ, ಚಿಟಿಕೆ ಶುಂಠಿಪುಡಿ ಹಾಕಿದ ಪಾನಕ; ರಾಮನವಮಿಗೆ ಬೀದಿಬೀದಿಯಲ್ಲಿ ಹಂಚುವುದೂ ಇದನ್ನೇ.

ಇನ್ನು ದಾರಿಖರ್ಚು. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತ. ಬೆಂಗಳೂರು–ಮೈಸೂರು ರೈಲು ಮಾರ್ಗದಲ್ಲೇ ರಾಮನಗರ, ಚನ್ನಪಟ್ಟಣ ಎರಡೂ ಸಿಗುತ್ತವೆ.

1975ರ ‘ಶೋಲೆ’ ಸಿನಿಮಾ ಚಿತ್ರೀಕರಣಗೊಂಡ ರಾಮದೇವರ ಬೆಟ್ಟ ರಾಮನಗರದಲ್ಲಿ ನೋಡಬೇಕಾದದ್ದು; ಅದು 2012ರಲ್ಲಿ ರಣಹದ್ದುಗಳ ಧಾಮವಾಯಿತು. ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಕುಶಲಕರ್ಮಿ, ತಿರುಗುವ ಆಲೆಮರದ ತುಂಡಿಗೆ ಅರಗಿನ ಕಡ್ಡಿ ಒತ್ತುತ್ತಾನೆ. ಉಜ್ಜಿದ ಬಿಸಿಗೆ ಅರಗು ಕರಗಿ, ಮರಕ್ಕೆ ಹಳದಿ, ಕೆಂಪು ಬಣ್ಣ ಹತ್ತುತ್ತದೆ. ಮಕ್ಕಳು ಅಲ್ಲಿಂದ ಕದಲುವುದೇ ಇಲ್ಲ.

ಮಾಗಡಿ ಕಡೆ ಸಾವನದುರ್ಗದ ಹೆಬ್ಬಂಡೆ, ಕನಕಪುರ ಕಡೆ ಅರ್ಕಾವತಿ ಕಾವೇರಿಯನ್ನು ಸೇರುವ ಸಂಗಮ. ಹೊಳೆಯ ಸೆಳವಿಗೆ ಇಳಿಯದೆ ದಡದ ನೆರಳಲ್ಲೇ ಬುತ್ತಿ ಬಿಚ್ಚಬಹುದು. ವಾಪಸು ಬರುವ ಕೊನೆಯ ಬಸ್ಸಿನ ಹೊತ್ತನ್ನು ಮಾತ್ರ ಮೊದಲೇ ವಿಚಾರಿಸಿಕೊಂಡಿರಬೇಕು.