ಕೂಣಿ ಒಂದೇ, ಬೇಟೆ ಎರಡು



ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಬೇಸಿಗೆ ಮುಗಿಯುತ್ತ ಬಂದಂತೆ ಕೆರೆಯ ನೀರು ಸೊಂಟದ ಮಟ್ಟಕ್ಕೆ ಇಳಿಯುತ್ತದೆ. ಆಗ ಊರಿನವರು ಸೇರಿ ಕೆರೆಬೇಟೆಗೆ ದಿನ ಗೊತ್ತುಮಾಡುತ್ತಾರೆ. ಸುದ್ದಿ ಹತ್ತೂರಿಗೆ ಹರಡುತ್ತದೆ. ಅಂದು ಕೆರೆಯ ಏರಿ ತುಂಬ ಜನ, ಕೈಯಲ್ಲಿ ಬಿದಿರಿನ ಕೂಣಿ. ಎಷ್ಟೋ ಕಡೆ ಕೂಣಿಗೆ ಇಷ್ಟೆಂದು ಶುಲ್ಕವೂ ಉಂಟು. ಹಣ ದೇವಸ್ಥಾನಕ್ಕೋ ಊರಿನ ಕೆಲಸಕ್ಕೋ ಸೇರುತ್ತದೆ. ಪೂಜೆ ಮುಗಿದು ಸೂಚನೆ ಸಿಕ್ಕಿದ್ದೇ ತಡ, ಎಲ್ಲರೂ ಒಮ್ಮೆಗೇ ನೀರಿಗೆ! 2024ರಲ್ಲಿ ತೆರೆಕಂಡ ‘ಕೆರೆಬೇಟೆ’ ಚಲನಚಿತ್ರ ನೋಡಿದವರಿಗೆ ಈ ದೃಶ್ಯ ಹೊಸದಲ್ಲ. ನಾನೊಮ್ಮೆ ಇದನ್ನು ಚಿತ್ರೀಕರಿಸಲು ಕ್ಯಾಮೆರಾವನ್ನು ನೀರಿನ ಅಂಚಿನಲ್ಲೇ ಇರಿಸಿದ್ದೆ. ಸಿಕ್ಕಿದ್ದು ಕೆಸರು ಮೆತ್ತಿದ ಲೆನ್ಸು.

ಕೂಣಿ ಎಂದರೆ ಬಿದಿರಿನ ಕಡ್ಡಿಗಳಿಂದ ಹೆಣೆದ, ಮೇಲೂ ಕೆಳಗೂ ತೆರೆದಿರುವ ಶಂಕುವಿನಾಕಾರದ ಬುಟ್ಟಿ. ಅದರ ಅಗಲ ಬಾಯನ್ನು ಕೆಸರಿಗೆ ಒತ್ತಬೇಕು. ಒಳಗೆ ಮೀನಿದ್ದರೆ ಕಡ್ಡಿಗೆ ಬಡಿಯುತ್ತದೆ, ಹಿಡಿದ ಕೈಗೆ ತಿಳಿಯುತ್ತದೆ. ಮೇಲಿನ ಕಿರುಬಾಯಿಯಿಂದ ಕೈ ಇಳಿಸಿ ಹಿಡಿಯುವುದು. ಮುರುಗೋಡಾದರೆ ಮುಳ್ಳು ಚುಚ್ಚೀತು, ಜೋಕೆ!

ಇದರಿಂದ ಮೀನಿನ ಸಂತತಿ ನಾಶವಾಗದೇ ಎಂದು ನೀವು ಕೇಳಬಹುದು. ನೀರು ಇಳಿದು ಬಿಸಿಯಾದಂತೆ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. ಗಾಳಿಯನ್ನೇ ಉಸಿರಾಡಬಲ್ಲ ಮುರುಗೋಡು, ಕುಚ್ಚು ಕೆಸರಿನಲ್ಲೂ ತಡೆದುಕೊಳ್ಳುತ್ತವೆ. ಕೆರೆ ಬತ್ತಿದರೆ ಉಳಿದವು ಹೇಗೂ ಸಾಯುತ್ತವೆ. ಇನ್ನು ಮರಿ ತಂದುಬಿಟ್ಟು ಬೆಳೆಸಿದ ಕಾಟ್ಲಾ, ರೋಹುಗಳು ನಿಂತ ನೀರಿನಲ್ಲಿ ಸಾಮಾನ್ಯವಾಗಿ ಮರಿಮಾಡುವುದೇ ಇಲ್ಲ. ಆದ್ದರಿಂದ ಕೆರೆಬೇಟೆಯ ಬಗ್ಗೆ ನನಗೆ ತಕರಾರಿಲ್ಲ.

ತಕರಾರಿರುವುದು ಅದೇ ಕೂಣಿಯ ಎರಡನೆಯ ಬೇಟೆಗೆ. ಜೂನ್ ತಿಂಗಳ ಮೊದಲ ಜಡಿಮಳೆಗೆ ಹಳ್ಳಗಳು ಕೆಂಪಗೆ ಹರಿಯುತ್ತವೆ. ಹೊಳೆಯ ಮೀನುಗಳು ಹೊಸನೀರಿಗೆ ಎದುರಾಗಿ ಈಜುತ್ತ ಹಳ್ಳ ಹತ್ತಿ ಗದ್ದೆಗೆ ಬರುತ್ತವೆ. ಇವೇ ಹತ್ತುಮೀನು. ಹೊಟ್ಟೆಯ ತುಂಬ ಮೊಟ್ಟೆ! ಗದ್ದೆಯ ತೆಳುನೀರಿನಲ್ಲಿ ಮರಿಗೆ ಆಹಾರ ಹೇರಳ, ದೊಡ್ಡ ಮೀನಿನ ಕಾಟ ಕಡಿಮೆ. ಅದಕ್ಕೇ ಈ ಪ್ರಯಾಣ. ದಾರಿಯಲ್ಲೇ ಬ್ಯಾಟರಿ, ಕತ್ತಿ, ಕೂಣಿ ಹಿಡಿದು ಜನ ಕಾದಿರುತ್ತಾರೆ. ಬಾಲ್ಯದಲ್ಲಿ ನಾನೂ ಹೋದವನೇ. ಅಂಥ ರಾತ್ರಿ ನಮ್ಮ ಮನೆಯಲ್ಲಿ ಸಾರಿಗಿಂತ ಮೊಟ್ಟೆಯ ಪಾಲಿಗೇ ಜಗಳ ನಡೆಯುತ್ತಿತ್ತು. ಒಂದು ಮೀನಿನಲ್ಲಿ ಸಾವಿರಾರು ಮೊಟ್ಟೆಗಳಿರುತ್ತವೆಂದು ಓದಿದ್ದು ಕಾಲೇಜಿಗೆ ಸೇರಿದ ಮೇಲೆ.

ಘಟ್ಟದ ಕೆಳಗೆ ಕಡಲಿನಲ್ಲಿ ಇದೇ ಕಾಲಕ್ಕೆ, ಜೂನ್ 1ರಿಂದ ಜುಲೈ 31ರವರೆಗೆ, ಯಾಂತ್ರಿಕ ದೋಣಿಗಳಿಗೆ 61 ದಿನ ರಜೆ. ನಮ್ಮ ಹಳ್ಳಗಳಲ್ಲಿ ಅದೇ ದಿನಗಳು ಬೇಟೆಯ ಸುಗ್ಗಿ.

ಶರಾವತಿಯ ಒಂದು ಪುಟ್ಟ ಮೀನಿಗೆ ಬಟಾಸಿಯೊ ಶರಾವತಿಯೆನ್ಸಿಸ್ ಎಂಬ ವೈಜ್ಞಾನಿಕ ಹೆಸರು ಬಂದದ್ದು 2004ರಲ್ಲಷ್ಟೆ. ಊರಿನ ಹಿರಿಯರಿಗೆ ತಿಳಿದಿದ್ದು ನಮ್ಮ ಪುಸ್ತಕಕ್ಕೆ ಬಾರದ ಮೀನುಗಳು ಇನ್ನೆಷ್ಟಿವೆಯೋ! ಈ ಮಳೆಗಾಲ ಕೂಣಿಯ ಬದಲು ನೋಟ್‌ಬುಕ್ ಹಿಡಿದು ನಿಮ್ಮ ಅಜ್ಜನೊಡನೆ ಹಳ್ಳದ ದಂಡೆಗೆ ಹೋಗಿ. ಯಾವ ಮಳೆಗೆ ಯಾವ ಮೀನು ಹತ್ತುತ್ತಿತ್ತು, ಈಗ ಯಾವುದು ಬರುತ್ತಿಲ್ಲ, ಕೇಳಿ ಬರೆದುಕೊಳ್ಳಿ.